ಆರು ತುಂಬುವವರೆಗೆ

ನಮ್ಮ ಮಗಳು ಓದಲು ಕಲಿತದ್ದು ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ. ನನ್ನ ತವರು ಚಾಮರಾಜನಗರ. ಅವ್ವನನ್ನು ನೋಡಿಬರಲು ಆಗಾಗ ಹೋಗುತ್ತಿದ್ದೆವು. ಬಸ್ಸಿಗೆ ಕಾಯುವಾಗ ‘ನಮ್ಮ ಬಸ್ ಯಾವುದು ಅಂತ ನೀನೇ ಹುಡುಕು ಕೂಸೇ’ ಎಂದು ಅವಳಿಗೇ ಒಪ್ಪಿಸಿಬಿಡುತ್ತಿದ್ದೆ. ಚಾಮರಾಜನಗರ ಎಂದು ಒಮ್ಮೆ ಬರೆದು ನೋಡಿ. ಏಳು ಅಕ್ಷರದಲ್ಲಿ ಒಂದು ಒತ್ತಿಲ್ಲ, ಕೊಂಬಿಲ್ಲ, ಗುಡಿಸಿಲ್ಲ. ಎರಡು ಇಳಿ ಬಿಟ್ಟರೆ ಮಿಕ್ಕಿದ್ದೆಲ್ಲ ಬರಿಯ ಅಕ್ಷರ. ಓದು ಶುರು ಮಾಡುವ ಮಗುವಿಗೆ ಇದಕ್ಕಿಂತ ಒಳ್ಳೆಯ ಊರಿನ ಹೆಸರು ಸಿಗಲಾರದು. ವಾಪಸು ಬರುವಾಗ ಹುಡುಕಬೇಕಾದ ಗುಂಡ್ಲುಪೇಟೆಯಲ್ಲೋ ಕೊಂಬು, ಸೊನ್ನೆ, ಒತ್ತು, ಏತ್ವ, ಅದರ ದೀರ್ಘ ಎಲ್ಲವೂ ಸೇರಿಕೊಂಡಿವೆ. ‘ಡ’ ಕೆಳಗೆ ಜೋತುಬಿದ್ದಿರುವುದು ಏನು ಎಂದು ಅವಳು ಕೇಳಿದ ದಿನ ಒತ್ತಕ್ಷರದ ಪಾಠ ತಾನಾಗಿಯೇ ನಡೆಯಿತು. ಕೇರಳ, ತಮಿಳುನಾಡಿನ ಬಸ್ಸುಗಳೂ ಇಲ್ಲಿ ನಿಲ್ಲುವುದರಿಂದ, ತನಗೆ ಬಾರದ ಅಕ್ಷರಗಳೂ ಲೋಕದಲ್ಲಿವೆ ಎಂಬುದು ಅವಳಿಗೆ ಅಲ್ಲೇ ಗೊತ್ತಾಯಿತು.

ಇದು ನನ್ನ ಜಾಣತನವಲ್ಲ. ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ ಅಕ್ಷರ ಕಲಿಸುವುದು ಅ ಆ ಇ ಈ ಎಂಬ ಕ್ರಮದಲ್ಲಿ ಅಲ್ಲ. ಮೊದಲು ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಚ ಒಂದನ್ನು ಬಿಟ್ಟರೆ ಚಾಮರಾಜನಗರ ಪೂರ್ತಿ ಈ ಹತ್ತರಲ್ಲೇ ಇದೆ. ಆ ಪದ್ಧತಿ ಹುಟ್ಟಿದ್ದು ದೂರವೆಲ್ಲೋ ಅಲ್ಲ, ಹತ್ತಿರದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಅಲ್ಲಿನ ಮೇಷ್ಟರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಕಾರ್ಡು ಹಿಡಿದು ಗುಂಪಿನಲ್ಲಿ ಆಡುತ್ತಾ ಕಲಿಯುವ ಮಕ್ಕಳನ್ನು ನೋಡಿಬಂದು ಕಟ್ಟಿದ್ದು ಅದು.

ಮೂರು ತುಂಬುತ್ತಲೇ ಎಲ್‌ಕೆಜಿಗೆ ಹಾಕದೆ ಮನೆಯಲ್ಲಿಟ್ಟುಕೊಂಡಿದ್ದೀರಲ್ಲ ಎಂದು ಬಂಧುಬಳಗದವರು ಕೇಳದ ಹಬ್ಬವಿರಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಹೇಳುವುದು ಆರರಿಂದ ಹದಿನಾಲ್ಕರ ಮಕ್ಕಳ ಮಾತು. ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎಂದು ಅದರ 10ನೇ ಕಲಂ ಹೇಳುತ್ತದೆ. ಆ ಕರ್ತವ್ಯವನ್ನು ನಾವು ತಪ್ಪಿಸುವವರಲ್ಲ. ಆದರೆ ಆರು ತುಂಬುವವರೆಗಿನ ಕಾಲ ಮಗುವಿನದು, ಅದನ್ನು ಪುಸ್ತಕದ ಚೀಲ ಹೊರಿಸಿ ಕಳೆಯಬಾರದು ಎಂದು ನಾವಿಬ್ಬರೂ ಮಾತಾಡಿಕೊಂಡೆವು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ತಮ್ಮ ಮಕ್ಕಳನ್ನು ಎಳವೆಯಲ್ಲಿ ಶಾಲೆಗೆ ಅಟ್ಟದೆ ಮನೆಯಲ್ಲೇ ಬೆಳೆಸಿದ್ದು ನಮಗೆ ಧೈರ್ಯ ಕೊಟ್ಟಿತು. ಹಾಗೆ ಬೆಳೆದ ಉಲ್ಲಾಸ ಕಾರಂತರು ನಾಗರಹೊಳೆ, ಬಂಡೀಪುರದ ಕಾಡುಗಳಲ್ಲಿ ಕ್ಯಾಮೆರಾ ಕಟ್ಟಿ, ಮೈಮೇಲಿನ ಪಟ್ಟೆಯಿಂದ ಒಂದೊಂದು ಹುಲಿಯನ್ನೂ ಗುರುತಿಸಿ ಎಣಿಸುವ ವಿಜ್ಞಾನಿಯಾದರು. ಎಲ್ಲ ಮಕ್ಕಳೂ ಹಾಗಾಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಬೇಗ ಶಾಲೆಗೆ ಹೋಗದಿದ್ದರೆ ಮಗು ಕೆಟ್ಟುಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಮನೆಯಲ್ಲಿ ವೇಳಾಪಟ್ಟಿ ಇರಲಿಲ್ಲ. ಮಗುವಿಗೆ ಬೇಕಿರುವುದು ಪಾಠವಲ್ಲ, ದೊಡ್ಡವರು ನಿಜವಾಗಿ ಮಾಡುವ ಕೆಲಸದಲ್ಲಿ ಒಂದು ಪಾಲು ಎಂಬುದು ನನಗೆ ಬರಬರುತ್ತಾ ಖಾತ್ರಿಯಾಯಿತು. ತೆರಕಣಾಂಬಿಯ ತರಕಾರಿ ಮಾರುಕಟ್ಟೆಗೆ ಕರೆದುಕೊಂಡು ಹೋಗಿ ‘ಇದು ಬದನೆ, ಇದು ಬೀನ್ಸ್’ ಎಂದು ತೋರಿಸಿದರೆ ಅರ್ಧ ಗಳಿಗೆಯಲ್ಲಿ ಬೇಸರ. ಕೈಗೆ ಐವತ್ತರ ನೋಟು ಕೊಟ್ಟು ‘ಟೊಮೆಟೊ ನೀನೇ ತಗೋ, ಚಿಲ್ಲರೆ ಎಣಿಸಿ ತಗೋ’ ಎಂದರೆ ಮಗುವಿನ ಮುಖವೇ ಬದಲು. ಓಣಂ ಹತ್ತಿರ ಬಂದಾಗ ಕೇರಳದ ಲಾರಿಗಳು ಸಾಲುಗಟ್ಟುತ್ತವೆ, ತರಕಾರಿ ರೇಟು ಏರುತ್ತದೆ. ‘ಹೋದ ವಾರ ಇಷ್ಟಕ್ಕೆ ಇನ್ನೂ ಜಾಸ್ತಿ ಕೊಟ್ಟಿದ್ರಲ್ಲಣ್ಣ’ ಎಂದು ಮಗಳು ವ್ಯಾಪಾರಿಯನ್ನು ಕೇಳಿದಾಗ ಆತ ಕೆಲಸ ಬಿಟ್ಟು ಅವಳಿಗೆ ಓಣಂ ಎಂದರೇನು ಎಂದು ವಿವರಿಸಿದ. ನಾನು ಹೇಳಿದ್ದರೆ ಅದು ಅವಳ ತಲೆಗೆ ಹೋಗುತ್ತಿರಲಿಲ್ಲ.

ಸೂರ್ಯಕಾಂತಿಯ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಊಟಿ ರಸ್ತೆಯ ಎರಡೂ ಕಡೆ ಸೂರ್ಯಕಾಂತಿ ಅರಳಿದಾಗ ಪ್ರವಾಸಿಗರು ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಹೂವು ಸೂರ್ಯನ ಜೊತೆ ತಿರುಗುತ್ತದೆ ಎಂದು ಓದಿ ಹೇಳಿದ್ದನ್ನು ಮಗಳು ಪರೀಕ್ಷೆ ಮಾಡಬೇಕೆಂದಳು. ಪರಿಚಯದವರ ಹೊಲಕ್ಕೆ ಬೆಳಿಗ್ಗೆ ಹೋದೆವು, ಅಗಲವಾಗಿ ಅರಳಿದ ಹೂಗಳೆಲ್ಲ ಪೂರ್ವಕ್ಕೆ ಮುಖ ಮಾಡಿದ್ದವು. ಸಂಜೆ ಹೋದರೆ ಹೂವು ಪಶ್ಚಿಮಕ್ಕೆ ತಿರುಗಿರಬೇಕಲ್ಲ? ತಿರುಗಿರಲಿಲ್ಲ. ಬೆನ್ನಿಗೆ ಬಿಸಿಲು ಬಡಿಯುತ್ತಿದ್ದರೂ ಅವು ಪೂರ್ವಕ್ಕೇ ನೋಡುತ್ತಿದ್ದವು. ‘ಪುಸ್ತಕ ಸುಳ್ಳು’ ಎಂದಳು. ಹೊಲದವರು ಅವಳನ್ನು ಬದುವಿನ ಆಚೆ, ತಡವಾಗಿ ಬಿತ್ತಿದ ತಾಕಿಗೆ ಕರೆದೊಯ್ದರು. ಅಲ್ಲಿ ಇನ್ನೂ ಅರಳದ ಹಸಿರು ಮೊಗ್ಗುಗಳು ಇಳಿಹೊತ್ತಿನ ಸೂರ್ಯನ ಕಡೆಗೇ ಕತ್ತು ಬಾಗಿಸಿದ್ದವು. ತಿರುಗುವುದು ಎಳೆಯ ಗಿಡ. ಬಲಿತ ಮೇಲೆ ಕಾಂಡ ಗಟ್ಟಿಯಾಗಿ ಹೂವು ಪೂರ್ವಕ್ಕೆ ನಿಂತುಬಿಡುತ್ತದೆ, ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾದ ಹೂವಿಗೆ ಜೇನು ಹೆಚ್ಚು ಬರುತ್ತದೆ. ಈ ಕಾರಣವನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಓದಿದ್ದನ್ನು ಹೊಲಕ್ಕೆ ಹೋಗಿ ನೋಡುವುದು, ನೋಡಿದ್ದನ್ನು ಮತ್ತೆ ಪುಸ್ತಕದಲ್ಲಿ ಹುಡುಕುವುದು ನಮ್ಮಿಬ್ಬರಿಗೂ ರೂಢಿಯಾದದ್ದು ಅಲ್ಲಿಂದ.

ತಿರುಗಾಟಕ್ಕೆ ದುಡ್ಡು ಬೇಕಲ್ಲ ಎನ್ನುವವರಿದ್ದಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನಗೂ ಮಗಳಿಗೂ ಬಸ್ ಪುಕ್ಕಟೆ; ಮಗನಿಗೆ ಇನ್ನೂ ಆರಾಗಿಲ್ಲ, ಅವನಿಗೂ ಟಿಕೆಟ್ ಇಲ್ಲ. ಚಾಮರಾಜನಗರದ ರೈಲು ನಿಲ್ದಾಣಕ್ಕೆ ಹೋಗಿ ಹಳಿ ಮುಗಿಯುವ ಜಾಗ ನೋಡಿದ್ದೇವೆ. ಮೈಸೂರಿನಿಂದ ಬರುವ ಹಳಿ ಅಲ್ಲಿಗೇ ಕೊನೆ, ಮುಂದೆ ದಾರಿಯಿಲ್ಲ. ರೈಲು ವಾಪಸು ಹೊರಡಲು ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ತಂದು ಜೋಡಿಸುವುದನ್ನು ಮಗ ಕಣ್ಣು ಮಿಟುಕಿಸದೆ ನೋಡಿದ.

ಓದಿ ಹೇಳುವುದು ಮಾತ್ರ ದಿನವೂ ನಡೆಯಿತು, ರಾತ್ರಿ ಊಟವಾದ ಮೇಲೆ. ರಾಜರತ್ನಂ ಅವರ ಶಿಶುಗೀತೆಗಳು ನಮ್ಮ ಮನೆಯಲ್ಲಿ ಊರಿನವರ ಮಾತಿನ ಹಾಗೆಯೇ ಬಳಕೆಯಲ್ಲಿವೆ; ಅವರ ಹೆಸರಿನ ಜಿ.ಪಿ. ಎಂದರೆ ಗುಂಡ್ಲು ಪಂಡಿತ. ಪ್ರಥಮ್ ಬುಕ್ಸ್‌ನ ತೆಳು ಪುಸ್ತಕಗಳು ಕೈಗೆಟಕುವ ಬೆಲೆಗೆ ಸಿಗುತ್ತವೆ, ಅವರದೇ ಸ್ಟೋರಿವೀವರ್‌ನಲ್ಲಿ ಕನ್ನಡದ ಕಥೆಗಳು ಪುಕ್ಕಟೆಯಾಗಿವೆ. ಆದರೂ ನಾನು ಹಾಳೆಯ ಪುಸ್ತಕವನ್ನೇ ಮುಂದಿಡುತ್ತೇನೆ. ಫೋನು ಕೈಗೆ ಬಂದರೆ ಕಥೆ ಪೂರ್ತಿಯಾಗುವುದಿಲ್ಲ. ಮಗು ಅದೇ ಪುಸ್ತಕವನ್ನು ಹತ್ತಾರು ರಾತ್ರಿ ಕೇಳಿದರೂ ಬೇಸರಿಸದೆ ಓದಬೇಕು. ಓದಿ ಮುಗಿಸಿದ ಮೇಲೆ ‘ಈ ಕಥೆಯಿಂದ ಏನು ಕಲಿತೆ’ ಎಂದು ಮಾತ್ರ ಕೇಳಬಾರದು. ಹಾಗೆ ಕೇಳಿದರೆ ಮರುದಿನ ಪುಸ್ತಕ ತರಲು ಮಗು ಹಿಂಜರಿಯುತ್ತದೆ.

ತಾಯಿಯೊಬ್ಬಳಿಂದಲೇ ಇದೆಲ್ಲ ಆಗುವುದಿಲ್ಲ. ನಮ್ಮತ್ತೆಯವರು ಇಲ್ಲದಿದ್ದರೆ ನನ್ನಿಂದ ಆಗುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತು ಅವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ನಾಲ್ಕು ಕವಡೆ ಹಿಡಿದು ಕೂರುತ್ತಾರೆ. ಸಂಜೆಗೆ ಬೀದಿಯ ಮಕ್ಕಳು ಸೇರುತ್ತಾರೆ. ಆ ಮಕ್ಕಳಿಲ್ಲದಿದ್ದರೆ ಮನೆಪಾಠ ಮನೆಸೆರೆಯಾಗುತ್ತದೆ. ಜಗಳವಾಡಿ ರಾಜಿಯಾಗುವುದನ್ನು ಯಾವ ತಾಯಿಯೂ ಕಲಿಸಲಾರಳು.

ಮಗಳು ಆರು ತುಂಬಿ ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಸೇರಿದಾಗ ಬೋರ್ಡು, ಪುಸ್ತಕ ಎಲ್ಲ ಓದುತ್ತಿದ್ದಳು, ಬರೆಯಲು ಮಾತ್ರ ಬರುತ್ತಿರಲಿಲ್ಲ. ‘ಅದೇನ್ ಬುಡಿ, ದಸರಾ ರಜಾ ಹೊತ್ಗೆ ಬರೀತಾಳೆ’ ಎಂದರು ಅವಳ ಟೀಚರ್. ಹಾಗೆಯೇ ಆಯಿತು. ಮಗನದು ಬೇರೆ ದಾರಿ. ಅವನಿಗೆ ಬೋರ್ಡಿನ ಗೊಡವೆಯೇ ಇಲ್ಲ. ನಾಲ್ಕೂ ಕವಡೆ ಬೋರಲು ಬಿದ್ದರೆ ಎಂಟು ಮನೆ ನಡೆಸಬೇಕು. ಎಂಟು ಮನೆ ಮುಂದೆ ಯಾರ ಕಾಯಿ ಕೂತಿದೆ, ಕಡಿಯಬಹುದೇ ಎಂಬುದನ್ನು ಬೆರಳು ಮಡಿಸದೆಯೇ ಹೇಳುತ್ತಾನೆ. ಬರುವ ಜೂನ್‌ಗೆ ಅವನಿಗೂ ಆರು ತುಂಬುತ್ತದೆ. ಅಕ್ಕನ ಶಾಲೆಗೇ ಸೇರಿಸುತ್ತೇವೆ. ಅಲ್ಲಿಯವರೆಗೆ ಮಧ್ಯಾಹ್ನದ ಹೊತ್ತು ಅವನು ಅಜ್ಜಿಯ ಪಾಲಿಗೆ.