ಹಣ್ಣಿಗೆ ಲೇಪ: ಅರಿತು ಬಳಸೋಣ

ದಾಸೋಹಕ್ಕೆಂದು ಭಕ್ತರು ಮಠಕ್ಕೆ ತರುವ ಮಾವು, ಬಾಳೆ, ಪಪ್ಪಾಯಿಗಳಲ್ಲಿ ಒಂದಷ್ಟು ಪಂಕ್ತಿಗೆ ಬರುವ ಮೊದಲೇ ಕೊಳೆಯುವುದುಂಟು. ಪ್ರಸಾದವಾಗಬೇಕಾದ ರೈತನ ಕಾಯಕದ ಫಲವು ತಿಪ್ಪೆ ಸೇರುವುದು ನಮಗೆಲ್ಲ ನೋವಿನ ಸಂಗತಿ. ಈ ನಷ್ಟವನ್ನು ತಗ್ಗಿಸುವ ಉಪಾಯಗಳಲ್ಲಿ ಒಂದು, ತಿನ್ನಲು ಯೋಗ್ಯವಾದ ವಸ್ತುವಿನ ತೆಳು ಲೇಪ.

ಗಿಡದಿಂದ ಕಿತ್ತ ಮೇಲೂ ಹಣ್ಣು ಉಸಿರಾಡುತ್ತದೆ. ಆಮ್ಲಜನಕವನ್ನು ಒಳಗೆಳೆದು, ತನ್ನ ಸಕ್ಕರೆಯನ್ನು ವ್ಯಯಿಸಿ, ನೀರನ್ನು ಆವಿಯಾಗಿ ಕಳೆದುಕೊಳ್ಳುತ್ತದೆ. ಫ್ರಿಜ್ಜಿನಲ್ಲಿಡೋಣವೆಂದರೆ ಉಷ್ಣವಲಯದ ಹಣ್ಣುಗಳಿಗೆ ಅತಿ ತಂಪು ಒಗ್ಗದು. ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಾಳೆಯ ಸಿಪ್ಪೆ ಕಪ್ಪಾಗುತ್ತದೆ. ಲೇಪವು ಸಿಪ್ಪೆಯ ಸೂಕ್ಷ್ಮ ರಂಧ್ರಗಳನ್ನು ಭಾಗಶಃ ಮುಚ್ಚಿ ಈ ಉಸಿರಾಟವನ್ನೂ ತೇವನಷ್ಟವನ್ನೂ ನಿಧಾನಗೊಳಿಸುತ್ತದೆ. ಆದರೆ ಲೇಪ ದಪ್ಪವಾದರೆ ಹಣ್ಣಿಗೆ ಉಸಿರುಕಟ್ಟಿ, ಒಳಗೆ ಹುಳಿತು, ದುರ್ವಾಸನೆ ಬರುತ್ತದೆ.

‘ಮೇಣ ಹಚ್ಚಿದ ಹಣ್ಣು ವಿಷವಲ್ಲವೇ?’ ಎಂದು ಅನೇಕರು ನಮ್ಮನ್ನು ಕೇಳುತ್ತಾರೆ. ಜೇನುಮೇಣ, ಅರಗು ಹಾಗೂ ಕಾರ್ನೌಬಾ ಎಂಬ ತಾಳೆಯ ಮೇಣವನ್ನು ಮಿತವಾಗಿ ಲೇಪಿಸಲು ನಮ್ಮ ದೇಶದ ಆಹಾರ ನಿಯಮಗಳು ಅನುಮತಿಸುತ್ತವೆ. ಲೇಪಿಸಿದ ಸಂಗತಿಯನ್ನು ಚೀಟಿಯಲ್ಲಿ ತಿಳಿಸಬೇಕು. ಹಣ್ಣು ಮಾಗಿಸಲು ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದಾದರೋ ನಿಷಿದ್ಧ. ಅದರಲ್ಲಿ ಆರ್ಸೆನಿಕ್‌ನ ಅಂಶವಿರುವ ಸಂಭವವಿದೆ. ಇವೆರಡನ್ನೂ ಒಂದೆಂದು ಭಾವಿಸಿ ಹಣ್ಣನ್ನೇ ತ್ಯಜಿಸುವುದು ಸರಿಯಲ್ಲ.

ಆಯುರ್ವೇದದ ಕುಮಾರಿ, ಅಂದರೆ ಲೋಳೆಸರದ ತಿರುಳನ್ನೂ ಮಾವು, ಪಪ್ಪಾಯಿಗಳಿಗೆ ಲೇಪವಾಗಿ ಸಂಶೋಧಕರು ಪರೀಕ್ಷಿಸಿದ್ದಾರೆ. ಮನೆಯಲ್ಲಿ ಪ್ರಯತ್ನಿಸುವವರು ಈ ಎಚ್ಚರಗಳನ್ನು ಪಾಲಿಸಬೇಕು:

1. ಎಲೆಯನ್ನು ಕತ್ತರಿಸಿ ನಿಲ್ಲಿಸಿ, ಸಿಪ್ಪೆಯಡಿಯ ಹಳದಿ ರಸವನ್ನು ಪೂರ್ತಿ ಬಸಿಯಬೇಕು. ಅದು ತೀವ್ರ ವಿರೇಚಕ, ಗರ್ಭಿಣಿಯರಿಗೆ ವರ್ಜ್ಯ. ತಿರುಳನ್ನು ಚೆನ್ನಾಗಿ ತೊಳೆದೇ ಬಳಸಬೇಕು.

2. ಬಲಿತ, ಗಾಯವಿಲ್ಲದ ಕಾಯಿಗಳನ್ನೇ ಆರಿಸಿ, ತೊಳೆದು ಒರೆಸಿ, ಸೋಸಿದ ತಿರುಳನ್ನು ತೆಳುವಾಗಿ ಲೇಪಿಸಿ ನೆರಳಲ್ಲಿ ಆರಿಸಬೇಕು.

3. ಮೊದಲು ನಾಲ್ಕಾರು ಕಾಯಿಗಳಿಗೆ ಮಾತ್ರ ಲೇಪಿಸಿ, ಲೇಪವಿಲ್ಲದವುಗಳ ಪಕ್ಕದಲ್ಲಿಟ್ಟು ಹೋಲಿಸಬೇಕು.

4. ತಿನ್ನುವ ಮುನ್ನ ತೊಳೆದು ಸಿಪ್ಪೆ ತೆಗೆಯಬೇಕು.

ಲೇಪವು ಕಾಲವನ್ನು ತುಸು ಹಿಗ್ಗಿಸೀತೇ ಹೊರತು ಕೊಳೆತುದನ್ನು ಸರಿಪಡಿಸದು. ಹೊಳಪು ತಾಜಾತನದ ಸಾಕ್ಷಿಯೂ ಅಲ್ಲ. ಆದ್ದರಿಂದ ಮಠಕ್ಕೆ ಹಣ್ಣು ತರುವಾಗ ಎಲ್ಲವನ್ನೂ ಮಾಗಿದವನ್ನೇ ತಾರದೆ, ಒಂದು ಭಾಗ ಬಲಿತ ಕಾಯಿಗಳನ್ನೂ ತರೋಣ. ಮಾಗಿದುದನ್ನು ಅಂದೇ ಹಂಚೋಣ, ಉಳಿದುದನ್ನು ಕಾಪಾಡೋಣ. ಒಂದು ಹಣ್ಣೂ ವ್ಯರ್ಥವಾಗದಂತೆ ನೋಡಿಕೊಳ್ಳುವುದೂ ದಾಸೋಹವೇ.