ಸಂಬಳ ಇಲ್ಲದ ಫಾರಿನ್

ಹೂಡೆಯಲ್ಲಿ 'ಹೊರದೇಶಕ್ಕೆ ಹೋದ' ಅಂದರೆ ಗಲ್ಫಿಗೆ ಹೋದ ಅಂತಲೇ ಅರ್ಥ. ಒಂದು ಕಡೆ ಕಡಲು, ಇನ್ನೊಂದು ಕಡೆ ಸುವರ್ಣಾ ಹೊಳೆ, ನಡುವೆ ಪಟ್ಟಿಯ ಹಾಗೆ ಉದ್ದಕ್ಕೆ ಮಲಗಿದ ಊರು ನಮ್ಮದು. ಎಷ್ಟೋ ಮನೆಗಳ ತಾರಸಿ ದುಬೈ, ಕುವೈತಿನ ಸಂಬಳದಲ್ಲಿ ಎದ್ದದ್ದು. ನನ್ನ ಅಪ್ಪನೂ ಅಲ್ಲಿ ದುಡಿದು ಬಂದವರೇ. ಹಾಗಾಗಿ 2022ರ ಸೆಪ್ಟೆಂಬರಿನಲ್ಲಿ, ಮಣಿಪಾಲದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದ ನಾನು ಒಂದು ಸೆಮಿಸ್ಟರಿಗೆಂದು ಜರ್ಮನಿಯ ಬ್ರೆಮೆನ್‌ಗೆ ಹೊರಟಾಗ, ನೆರೆಮನೆಯ ಅಜ್ಜ ಮೊದಲು ಕೇಳಿದ್ದು "ಸಂಬಳ ಎಷ್ಟು?" ಎಂದು. ಸಂಬಳ ಇಲ್ಲ ಅಜ್ಜ, ಓದಲಿಕ್ಕೆ ಅಂದೆ. "ಎಷ್ಟು ವರ್ಷ?" ಐದು ತಿಂಗಳು. ಅವರು ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಬದಿಗೆ ಸರಿಸಿ, "ಹಾಗಾದರೆ ಹೋಗುವುದು ಎಂತಕ್ಕೆ?" ಅಂದರು.

ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. ಈಗ ಪ್ರತಿವರ್ಷ ಮಣಿಪಾಲದಿಂದ, ಕಾರ್ಕಳ-ಕಾಪು ಕಡೆಯಿಂದ ಹೊರಡುವ ನಾಲ್ಕೈದು ಮಕ್ಕಳು ಫೋನು ಮಾಡುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಇದು ಎರವಲು ಸೀಟು ಎಂಬುದು ತಲೆಯಲ್ಲಿರಲಿ.

ಮಾಸ್ಟರ್ಸ್ ಮಾಡಲು ಹೋಗುವವರ ಲೆಕ್ಕ ಬೇರೆ, ಎಕ್ಸ್‌ಚೇಂಜಿನದು ಬೇರೆ. ಅವರು ಹೋಗುವುದು ನೆಲೆಯೂರಲು. ನಾವು ಹೋಗುವುದು ವಾಪಸು ಬರಲು. ಫೀಸು ಕಟ್ಟುವುದು ಇಲ್ಲೇ. ಅಲ್ಲಿ ಸೆಮಿಸ್ಟರಿನ ಸಣ್ಣದೊಂದು ಶುಲ್ಕ ಮಾತ್ರ, ಅದರ ಜೊತೆಗೇ ಬಸ್ಸು-ಟ್ರಾಮಿನ ಪಾಸೂ ಬರುತ್ತದೆ. ಡಿಗ್ರಿ ಕೊಡುವುದು ನಮ್ಮ ಕಾಲೇಜು, ಅಲ್ಲಿಯವರು ಕೊಡುವುದು ಕ್ರೆಡಿಟ್ಟು. ಆದ್ದರಿಂದ ಇಡೀ ವ್ಯವಹಾರ ನಿಂತಿರುವುದು 'ಲರ್ನಿಂಗ್ ಅಗ್ರಿಮೆಂಟ್' ಎಂಬ ಎರಡು ಹಾಳೆಯ ಮೇಲೆ. ಅಲ್ಲಿ ಯಾವ ವಿಷಯ ಓದುತ್ತೀರಿ, ಅದು ಇಲ್ಲಿನ ಯಾವ ವಿಷಯಕ್ಕೆ ಸಮ ಎಂದು ಬರೆದು ವಿದ್ಯಾರ್ಥಿ, ಕಳಿಸುವವರು, ಕರೆಸಿಕೊಳ್ಳುವವರು ಮೂವರೂ ಸಹಿ ಹಾಕುವ ಕಾಗದ. ಯುರೋಪಿನ ಲೆಕ್ಕದಲ್ಲಿ ವರ್ಷಕ್ಕೆ 60 ಕ್ರೆಡಿಟ್, ಸೆಮಿಸ್ಟರಿಗೆ 30; ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆಯ ಕೆಲಸ. ನಮ್ಮ ಕ್ರೆಡಿಟ್ಟಿಗೂ ಅದಕ್ಕೂ ತಾಳೆ ಹಾಕುವಾಗ ಬೆವರು ಬರುತ್ತದೆ.

ನಾನು ಬರೆದುಕೊಂಡು ಹೋದ ವಿಷಯಗಳಲ್ಲಿ ಎರಡು ಆ ಸೆಮಿಸ್ಟರಿನಲ್ಲಿ ಇರಲೇ ಇಲ್ಲ. ಹೋದ ಮೊದಲ ವಾರಗಳಲ್ಲಿ ಪಟ್ಟಿ ಬದಲಿಸಲು ಅವಕಾಶವಿದೆ. ಆದರೆ ಹೊಸ ಪಟ್ಟಿಗೆ ಮಣಿಪಾಲದ ಒಪ್ಪಿಗೆ ಇ-ಮೇಲಿನಲ್ಲಿ ಬರುವವರೆಗೆ ಸುಮ್ಮನೆ ಕೂರಬೇಡಿ, ಬೆನ್ನುಹತ್ತಿ. ಬಾಯಿಮಾತಿನಲ್ಲಿ 'ಆಯ್ತು' ಅಂದದ್ದು ಮಾರ್ಕ್ಸ್ ಕಾರ್ಡಿನಲ್ಲಿ ಬರುವುದಿಲ್ಲ.

2. ಎರಡು ಊರಿನ ಕ್ಯಾಲೆಂಡರನ್ನು ಪಕ್ಕಪಕ್ಕ ಇಟ್ಟು ನೋಡಿ.

ಜರ್ಮನಿಯಲ್ಲಿ ಚಳಿಗಾಲದ ಸೆಮಿಸ್ಟರಿನ ಪಾಠ ಸಾಧಾರಣ ಅಕ್ಟೋಬರಿನಲ್ಲಿ ಶುರುವಾಗಿ, ಪರೀಕ್ಷೆ ಫೆಬ್ರವರಿ ಹೊತ್ತಿಗೆ. ನಮ್ಮಲ್ಲಿ ಜನವರಿಗೆಲ್ಲ ಮುಂದಿನ ಸೆಮಿಸ್ಟರಿನ ಹಾಜರಿ ಎಣಿಸಲು ತೊಡಗುತ್ತಾರೆ. ನಡುವಿನ ಆ ವಾರಗಳಿಗೆ ಏನು ವ್ಯವಸ್ಥೆ ಎಂದು ಹೊರಡುವ ಮೊದಲೇ ಬರೆಸಿಕೊಳ್ಳಿ. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ.

3. ದುಡ್ಡು, ಕಾಗದ: ಚುಟುಕಾಗಿ.

90 ದಿನ ದಾಟಿದರೆ ಶೆಂಗೆನ್ ಪ್ರವಾಸಿ ವೀಸಾ ಸಾಲದು, ರಾಷ್ಟ್ರೀಯ ವೀಸಾ ಬೇಕು. ಸ್ಕಾಲರ್‌ಶಿಪ್ ಇಲ್ಲದಿದ್ದರೆ ಬ್ಲಾಕ್ಡ್ ಅಕೌಂಟಿನಲ್ಲಿ ಮುಂಗಡ ಹಣ ಇಡಬೇಕು. ಅದರಿಂದ ತಿಂಗಳಿಗೆ ಇಷ್ಟೇ ಎಂದು ಬಿಡುತ್ತಾರೆ. ನಾನು ಹೋಗುವಾಗ ತಿಂಗಳ ಲೆಕ್ಕ 861 ಯೂರೋ ಇತ್ತು, 2024ರ ಸೆಪ್ಟೆಂಬರಿನಿಂದ 992. ಊರಿನ ಸೊಸೈಟಿಯಲ್ಲಿ ಡಿಪಾಸಿಟ್ ಮುರಿಸುವ ಮೊದಲು ಈಗಿನ ಮೊತ್ತ ಎಷ್ಟೆಂದು ನೋಡಿಕೊಳ್ಳಿ. ಅಲ್ಲಿ ಇಳಿದು ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ಸಹಿಯ ಪತ್ರ ಬೇಕು. ಆ ಪತ್ರ ಕೊಡುವುದಿಲ್ಲ ಎನ್ನುವವರ ರೂಮು ಎಷ್ಟು ಅಗ್ಗವಾದರೂ ಹಿಡಿಯಬೇಡಿ.

ಶನಿವಾರ ಸಂಜೆ ತಲುಪುವ ವಿಮಾನ ಬುಕ್ ಮಾಡಬೇಡಿ. ಭಾನುವಾರ ಅಂಗಡಿಗಳೆಲ್ಲ ಬಂದ್. ನನ್ನ ಮೊದಲ ಭಾನುವಾರ ಕಳೆದದ್ದು ಅಮ್ಮ ಕಟ್ಟಿಕೊಟ್ಟ ಚಕ್ಕುಲಿ ಮತ್ತು ನಲ್ಲಿ ನೀರಿನಲ್ಲಿ.

4. ಒಣಮೀನಿಗೆ ಹೆದರಬೇಡಿ, ತುಪ್ಪಕ್ಕೆ ಹೆದರಿ.

ಬ್ಯಾಗು ಕಟ್ಟುವಾಗ ಮನೆಯಲ್ಲಿ ದೊಡ್ಡ ಚರ್ಚೆ. ಒಣಮೀನು ಹಿಡಿದರೆ ಮಾನ ಹೋಗುತ್ತದೆ ಎಂದು ಅಪ್ಪ. ತುಪ್ಪಕ್ಕೆ ಏನೂ ತೊಂದರೆ ಇಲ್ಲ ಎಂದು ಎಲ್ಲರೂ. ಕಾನೂನು ಇರುವುದು ಸರಿಯಾಗಿ ತಿರುಗುಮುರುಗಾಗಿ. ಹೊರಗಿನಿಂದ ಬರುವವರು ಮಾಂಸವನ್ನಾಗಲಿ ಹಾಲಿನ ಪದಾರ್ಥವನ್ನಾಗಲಿ ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ. ತುಪ್ಪವೂ ಹಾಲಿನದೇ. ಮೀನನ್ನು ಸ್ವಂತ ಊಟಕ್ಕೆ 20 ಕಿಲೋದವರೆಗೆ ತರಬಹುದು!

ಕಸ್ಟಮ್ಸಿನಲ್ಲಿ ಪಾರಾದ ಒಣ ಬಂಗುಡೆ ಸಿಕ್ಕಿಬಿದ್ದದ್ದು ಜೊತೆಗಿದ್ದ ವಿದ್ಯಾರ್ಥಿಗಳೊಡನೆ ಹಂಚಿಕೊಂಡಿದ್ದ ಅಡಿಗೆಮನೆಯಲ್ಲಿ. ನವೆಂಬರಿನ ಒಂದು ಸಂಜೆ, ಕಿಟಕಿ ಮುಚ್ಚಿ, ಬಾಣಲೆಯಲ್ಲಿ ಎರಡು ತುಂಡು ಹುರಿಯಲು ಇಟ್ಟೆ. ಮೂರನೇ ನಿಮಿಷಕ್ಕೆ ಹೊಗೆಯ ಅಲಾರಂ ಇಡೀ ಮಹಡಿಗೆ ಕೇಳುವಂತೆ ಕಿರುಚಿಕೊಂಡಿತು. ಒಬ್ಬ ಕುರ್ಚಿ ಹತ್ತಿ ಟವೆಲ್ ಬೀಸಿದ, ಇನ್ನೊಬ್ಬಳು ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಗೆ ಓಡಿದಳು. ನಾನು ಬಾಣಲೆ ಹಿಡಿದುಕೊಂಡು ನಿಂತೇ ಇದ್ದೆ. ಅಲಾರಂ ನಿಂತ ಮೇಲೆ ಅವರಲ್ಲಿ ಒಬ್ಬ ಬಾಣಲೆಗೆ ಮೂಗು ಹಿಡಿದು "ಮಕ್ರೇಲೆ?" ಅಂದ. ಉತ್ತರ ಜರ್ಮನಿಯವರೂ ಮೀನು ತಿನ್ನುವ ಜನವೇ. ಹೊಗೆ ಹಾಕಿದ ಬಂಗುಡೆ, ಉಪ್ಪಿನಲ್ಲಿ ಹದಮಾಡಿದ ಹೆರಿಂಗ್ ಮೀನನ್ನು ಬನ್ನಿನೊಳಗೆ ಇಟ್ಟು ಬೀದಿಯಲ್ಲೇ ತಿನ್ನುತ್ತಾರೆ. ಮರುದಿನ ಆತ ನನಗೊಂದು ತಂದುಕೊಟ್ಟ. ಹಸಿ ಈರುಳ್ಳಿಯ ಜೊತೆ ಚೆನ್ನಾಗಿಯೇ ಇತ್ತು, ಆದರೂ ಒಂದು ಚಮಚ ಮೀನುಸಾರಿನ ಮಸಾಲೆ ಕೇಳುತ್ತಿತ್ತು.

5. 'ನೋಡುವ' ಎಂಬ ಮಾತನ್ನು ಮಲ್ಪೆಯಲ್ಲೇ ಬಿಟ್ಟುಹೋಗಿ.

ನಮ್ಮ ಕಡೆ 'ಮಾಡುವ', 'ನೋಡುವ' ಅಂದರೆ ಏನೆಂದು ನಮಗೆ ಗೊತ್ತು. ಮದುವೆಗೆ ಬರುತ್ತೀರಾ? ನೋಡುವ. ಅಂದರೆ ಬರುವುದಿಲ್ಲ, ಮುಖಕ್ಕೆ ಹೊಡೆದ ಹಾಗೆ ಹೇಳಲು ಮನಸ್ಸಿಲ್ಲ. ನಾಲ್ಕು ಮಂದಿಯ ಪ್ರಾಜೆಕ್ಟಿನಲ್ಲಿ, ಮಳೆನೀರಿನ ಲೆಕ್ಕಾಚಾರದ ಇಡೀ ಅಧ್ಯಾಯ ನೀನು ಬರೆಯುತ್ತೀಯಾ ಎಂದು ಕೇಳಿದಾಗ ನಾನು ಇದೇ ಧಾಟಿಯಲ್ಲಿ, ನಗುತ್ತಾ, ಇಂಗ್ಲಿಷಿನಲ್ಲಿ 'ನೋಡುವ' ಅಂದೆ. ಅವರು ಅದನ್ನು ಸಭೆಯ ಟಿಪ್ಪಣಿಯಲ್ಲಿ ನನ್ನ ಹೆಸರಿನ ಮುಂದೆ, ತಾರೀಕು ಸಮೇತ ಬರೆದುಕೊಂಡರು. ಆ ತಾರೀಕಿಗೆ ನಾನು ಬರಿಗೈಯಲ್ಲಿ ಹೋದೆ.

ಯಾರೂ ಬೈಯಲಿಲ್ಲ. "ಆಗುವುದಿಲ್ಲ ಎಂದಿದ್ದರೆ ಅಂದೇ ಬೇರೆಯವರು ಮಾಡುತ್ತಿದ್ದರು" ಎಂದಷ್ಟೇ ಹೇಳಿದಳು ಗುಂಪಿನ ಹುಡುಗಿ. ಬೈದಿದ್ದರೆ ವಾಸಿ ಇತ್ತು. ಅವರು ನೇರ ಮಾತಾಡಿದಾಗ ಮೊದಲ ತಿಂಗಳು ನನಗೆ ಒರಟು ಅನ್ನಿಸುತ್ತಿತ್ತು. ಆಮೇಲೆ ಗೊತ್ತಾಯಿತು, ಅಲ್ಲಿ 'ಇಲ್ಲ' ಎನ್ನುವುದು ಇನ್ನೊಬ್ಬರ ಸಮಯಕ್ಕೆ ಕೊಡುವ ಮರ್ಯಾದೆ. ಹಾಗೆಂದು ಆ ಅಭ್ಯಾಸವನ್ನು ಹೂಡೆಗೆ ತರಬೇಡಿ. ನಾನು ತಂದು, ಚಿಕ್ಕಮ್ಮನ ಮನೆಯಲ್ಲಿ 'ಊಟ ಬೇಡ' ಎಂದು ನೇರವಾಗಿ ಹೇಳಿ, ಎರಡು ತಿಂಗಳು ಮಾತು ಬಿಡಿಸಿಕೊಂಡೆ.

6. ಕ್ಲಾಸು ನಿಮ್ಮನ್ನು ಹಿಂಬಾಲಿಸುವುದಿಲ್ಲ.

ಹಾಜರಿ ಕರೆಯುವುದು ಅಪರೂಪ. ನಮ್ಮ ಹಾಗೆ ನಡುನಡುವೆ ಸೆಷನಲ್ ಇಲ್ಲ. ಹೆಚ್ಚಿನ ವಿಷಯಗಳಿಗೆ ಕೊನೆಯ ಒಂದು ಪರೀಕ್ಷೆಯೇ ಸರ್ವಸ್ವ. ಆ ಪರೀಕ್ಷೆಗೆ ಬೇರೆಯಾಗಿ ಹೆಸರು ನೋಂದಾಯಿಸಬೇಕು. ನೋಂದಣಿಯ ಗಡುವು ಮೀರಿದರೆ ಇಡೀ ಸೆಮಿಸ್ಟರು ಮುಂದಿನ ಬೆಂಚಿನಲ್ಲಿ ಕೂತವರಿಗೂ ಪ್ರವೇಶ ಇಲ್ಲ. ವೇಳಾಪಟ್ಟಿಯಲ್ಲಿ 10 ಗಂಟೆಯ ಪಕ್ಕ 'ಸಿ.ಟಿ.' ಎಂದಿದ್ದರೆ ಪಾಠ ಶುರುವಾಗುವುದು 10.15ಕ್ಕೆ, 'ಎಸ್.ಟಿ.' ಎಂದಿದ್ದರೆ ಸರಿಯಾಗಿ 10ಕ್ಕೆ. ಪಾಠ ಮುಗಿದಾಗ ಎಲ್ಲರೂ ಗೆಣ್ಣಿನಿಂದ ಡೆಸ್ಕನ್ನು ಟಕಟಕ ಬಡಿಯುತ್ತಾರೆ. ಮೇಷ್ಟ್ರಿಗೆ ಏನೋ ಪ್ರತಿಭಟನೆ ಎಂದುಕೊಂಡಿದ್ದೆ. ಅದು ಚಪ್ಪಾಳೆ.

ಅಂಕದ ಕತೆಯನ್ನೂ ಮನೆಯವರಿಗೆ ಮೊದಲೇ ಹೇಳಿಡಿ. ಅಲ್ಲಿ 1.0 ಅತ್ಯುತ್ತಮ, 4.0 ಅಂದರೆ ದಡ ಮುಟ್ಟಿದ ಹಾಗೆ, 5.0 ಫೇಲು. "1.3 ಬಂತು" ಎಂದು ಸಂಭ್ರಮದಿಂದ ಫೋನು ಮಾಡಿದರೆ ಅಮ್ಮ ಒಂದು ಕ್ಷಣ ಸುಮ್ಮನಿದ್ದು, "ಇರಲಿ, ಬೇಜಾರು ಮಾಡಬೇಡ" ಅಂದರು.

7. ನಿಮಗೆ ಗೊತ್ತಿರುವುದನ್ನು ಕಡಿಮೆ ಬೆಲೆಗೆ ಮಾರಬೇಡಿ.

ಬ್ರೆಮೆನ್ ಕಡಲಿನಿಂದ ಸುಮಾರು 60 ಕಿ.ಮೀ. ಒಳಗಿದೆ. ಊರಿನ ನಡುವೆ ವೇಸರ್ ನದಿ. ಕ್ಲಾಸು ಮುಗಿಸಿ ದಂಡೆಯಲ್ಲಿ ಕೂರುವುದು ನನ್ನ ರೂಢಿಯಾಗಿತ್ತು. ಒಂದು ದಿನ ಎದುರಿನ ಕಲ್ಲುಗೋಡೆಯ ಮೇಲೆ ಎರಡಾಳು ಎತ್ತರಕ್ಕೂ ಹಸಿಯ ಗುರುತು ಕಂಡಿತು. ಮಳೆ ಇರಲಿಲ್ಲ. ಮರುದಿನ ಅದೇ ಹೊತ್ತಿಗೆ ನೋಡಿದರೆ ನೀರು ಇನ್ನೂ ಇಳಿದು ಮುಗಿದಿರಲಿಲ್ಲ. ಸುಮಾರು ಮುಕ್ಕಾಲು ಗಂಟೆ ತಡ. ಹೊಳೆಬದಿಯಲ್ಲಿ ಹುಟ್ಟಿದವರಿಗೆ ಇದಕ್ಕೆ ಪುಸ್ತಕ ಬೇಡ: ಭರತ-ಇಳಿತ! ಪಕ್ಕದಲ್ಲಿದ್ದ ಸಹಪಾಠಿ ಎರಡು ವರ್ಷದಿಂದ ಆ ಊರಲ್ಲಿದ್ದ, ನದಿ ಏರಿಳಿಯುವುದನ್ನು ಗಮನಿಸಿರಲಿಲ್ಲ.

ಮೇಷ್ಟ್ರನ್ನು ಕೇಳಿದೆ. ಬ್ರೆಮೆನ್‌ನಲ್ಲಿ ಭರತಕ್ಕೂ ಇಳಿತಕ್ಕೂ ಈಗ ಸುಮಾರು 4 ಮೀಟರಿನ ಅಂತರ. ಮೊದಲು ಹೀಗಿರಲಿಲ್ಲ. ದೊಡ್ಡ ಹಡಗು ಊರವರೆಗೆ ಬರಲೆಂದು ಲುಡ್‌ವಿಗ್ ಫ್ರಾನ್‌ಸಿಯುಸ್ ಎಂಬ ಎಂಜಿನಿಯರು 1887ರಿಂದ 1895ರ ನಡುವೆ ನದಿಯನ್ನು ನೇರ ಮಾಡಿ ಆಳ ಮಾಡಿದ. ಹಡಗಿಗೆ ಬಿಟ್ಟ ದಾರಿಯಲ್ಲಿ ಕಡಲೂ ಒಳಗೆ ಬಂತು. ಹೊಳೆಯ ಮರಳು ತೆಗೆದರೆ ಬಾವಿಗೆ ಉಪ್ಪು ಬರುತ್ತದೆ ಎಂದು ನಮ್ಮ ಕಡೆಯ ಕೆಮ್ಮಣ್ಣಿನಲ್ಲಿ ಹಿರಿಯರು ಹೇಳುವುದನ್ನು ಕೇಳಿ ಬೆಳೆದವನು ನಾನು. ಅದನ್ನು ಕ್ಲಾಸಿನಲ್ಲಿ ಹೇಳಿದೆ. ಮೇಷ್ಟ್ರು ಚಾಕ್ ಕೆಳಗಿಟ್ಟು, ನಿಮ್ಮ ಹೊಳೆಯ ಚಿತ್ರ ಬರೆ ಅಂದರು. ಸುವರ್ಣಾ, ಸೀತಾ, ಅವು ಕೂಡಿ ಕಡಲು ಸೇರುವ ಕೋಡಿಬೆಂಗ್ರೆಯ ಬಾಯಿ ಬರೆದೆ. ಆ ದಿನದವರೆಗೆ ನಾನು 'ಭಾರತದಿಂದ ಬಂದವನು'. ಆಮೇಲೆ ಅಳಿವೆಯ ಬಗ್ಗೆ ಮಾತು ಬಂದಾಗಲೆಲ್ಲ ನನ್ನತ್ತ ನೋಡುತ್ತಿದ್ದರು.

ಅಲ್ಲಿಂದ ನಾನು ತಂದದ್ದೂ ನೀರಿನದೇ ಪಾಠ. ನಮ್ಮಲ್ಲಿ ಕಡಲ್ಕೊರೆತ ಅಂದರೆ ಲಾರಿಯಲ್ಲಿ ಬಂಡೆಕಲ್ಲು ತಂದು ಸುರಿಯುವುದು. ಅಲ್ಲಿನ ಕಡಲಕಟ್ಟೆ ನೋಡಿದಾಗ ಮೊದಲು ನಂಬಿಕೆ ಬರಲಿಲ್ಲ: ಹುಲ್ಲು ಹೊದ್ದ ಮಣ್ಣಿನ ದಿಬ್ಬ, ಮೇಲೆ ಕುರಿಗಳು. ಕಡಲಿನ ಕಡೆಗೆ ಇಳಿಜಾರು ಎಷ್ಟು ಉದ್ದವೆಂದರೆ ತೆರೆ ಬಡಿಯುವುದಿಲ್ಲ, ಹತ್ತಿ ಹತ್ತಿ ಸುಸ್ತಾಗಿ ಹಿಂದೆ ಹೋಗುತ್ತದೆ. ಕುರಿಗಳು ಅಲಂಕಾರಕ್ಕಲ್ಲ, ಹುಲ್ಲನ್ನು ಗಿಡ್ಡ ಇಡುತ್ತವೆ, ಗೊರಸಿನಿಂದ ಮಣ್ಣು ತುಳಿದು ಬಿಗಿ ಮಾಡುತ್ತವೆ. ಕಟ್ಟೆ ಒಡೆದರೆ ಏನಾಗುತ್ತದೆಂದು ಅವರಿಗೆ ಗೊತ್ತು. 1962ರ ಫೆಬ್ರವರಿಯ ಬಿರುಗಾಳಿಯ ರಾತ್ರಿ ಹ್ಯಾಂಬುರ್ಗ್ ಒಂದರಲ್ಲೇ 315 ಜನ ತೀರಿಕೊಂಡರು. ಹಿಂದೆ ಆ ಕರಾವಳಿಯಲ್ಲಿ ತನ್ನ ಪಾಲಿನ ಕಟ್ಟೆಯನ್ನು ನೋಡಿಕೊಳ್ಳಲಾಗದವನು ಅದರ ಮೇಲೆ ಸನಿಕೆ ಊರಿ, ಭೂಮಿ ಬಿಟ್ಟು ನಡೆಯಬೇಕಿತ್ತಂತೆ. ಬಂಡೆ ಸುರಿದು ಬಿಲ್ಲು ಪಾಸು ಮಾಡಿಸುವುದಕ್ಕಿಂತ ಇದು ಕಠಿಣ ಕಾನೂನು. ನಮ್ಮ ಮರಳಿನ ದಂಡೆಗೆ, ನಮ್ಮ ಮಳೆಗಾಲದ ತೆರೆಗೆ ಆ ದಿಬ್ಬ ಹಾಗೆಯೇ ಒಗ್ಗುವುದಿಲ್ಲ ಬಿಡಿ. ಆದರೆ ಬಡಿದಾಡುವುದಕ್ಕಿಂತ ತೆರೆಯನ್ನು ದಣಿಸುವುದು ಲೇಸು ಎಂಬ ಯೋಚನೆ ನನ್ನ ಫೈನಲ್ ಇಯರ್ ಪ್ರಾಜೆಕ್ಟಾಯಿತು.

8. ಪ್ಯಾರಿಸ್ ಎಲ್ಲಿಗೂ ಹೋಗುವುದಿಲ್ಲ. ಹತ್ತಿರದ ಹಳ್ಳಿಗೆ ಹೋಗಿ.

ವಾರಾಂತ್ಯಕ್ಕೊಂದು ದೇಶ ಎಂದು ಎಲ್ಲರೂ ಓಡುತ್ತಾರೆ. ನಾನೂ ಆಮ್‌ಸ್ಟರ್‌ಡ್ಯಾಮ್ ನೋಡಿದೆ. ಫೋಟೋ ಇದೆ, ನೆನಪು ಕಡಿಮೆ. ಮನಸ್ಸಿನಲ್ಲಿ ಉಳಿದದ್ದು ಬ್ರೆಮೆನ್‌ನಿಂದ ಪಶ್ಚಿಮಕ್ಕೆ ರೈಲು ಹಿಡಿದು ಓಸ್ಟ್‌ಫ್ರೀಸ್‌ಲಾಂಡಿಗೆ ಹೋದ ದಿನ. ಕನ್ನಡ ನಿಘಂಟಿನ ಕಿಟೆಲ್ 1832ರಲ್ಲಿ ಹುಟ್ಟಿದ ರೆಸ್ಟರ್‌ಹಾಫೆ ಅಲ್ಲಿದೆ, ಉತ್ತರ ಸಮುದ್ರಕ್ಕೆ ಹತ್ತಿರ. ಚಪ್ಪಟೆ ನೆಲ, ಕಾಲುವೆ, ಮುಖಕ್ಕೆ ಹೊಡೆಯುವ ಗಾಳಿ. ಪಾದ್ರಿಯ ಮಗನಾಗಿ ಇಂಥಲ್ಲಿ ಹುಟ್ಟಿದವನು 1853ರಲ್ಲಿ ಹಡಗು ಹತ್ತಿ ನಮ್ಮ ಕಡೆ ಬಂದು, ನಾವು ದಿನಾ ಆಡುವ ಮಾತನ್ನು ಒಂದೊಂದಾಗಿ ಹೆಕ್ಕಿ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ. ಐದು ತಿಂಗಳಿಗೆ ಬಂದು ಮನೆಯ ಸಾರಿಗೆ ಅಳುತ್ತಿದ್ದ ನನಗೆ ಸ್ವಲ್ಪ ನಾಚಿಕೆಯಾಯಿತು.

ಅಲ್ಲಿ ಚಹಾ ಕುಡಿಯುವುದೊಂದು ಶಾಸ್ತ್ರ. ಲೋಟದ ತಳಕ್ಕೆ ಕಲ್ಲುಸಕ್ಕರೆಯ ತುಂಡು. ಮೇಲೆ ಬಿಸಿ ಚಹಾ ಹೊಯ್ದಾಗ ಅದು ಚಟಚಟ ಸಿಡಿಯುವುದು ಕೇಳಬೇಕು. ಅಂಚಿನಿಂದ ಒಂದು ಚಮಚ ಕೆನೆ ಬಿಟ್ಟರೆ ಮೋಡದ ಹಾಗೆ ಏಳುತ್ತದೆ. ಕಲಕಬಾರದು! ಮೊದಲು ಕೆನೆ, ಆಮೇಲೆ ಕಹಿ, ಕೊನೆಗೆ ಸಿಹಿ. ಪುಡಿಯಲ್ಲಿ ಹೆಚ್ಚಿನ ಪಾಲು ಅಸ್ಸಾಮಿನದು. ಕನಿಷ್ಠ ಮೂರು ಲೋಟ ಕುಡಿಸುತ್ತಾರೆ. ಸಾಕಾದರೆ ಖಾಲಿ ಲೋಟದಲ್ಲಿ ಚಮಚ ನಿಲ್ಲಿಸಬೇಕು. ನನಗೆ ಗೊತ್ತಿರಲಿಲ್ಲ, ಆರು ಲೋಟ ಕುಡಿದೆ.

9. ಬರುವಾಗ ಬಾಗಿಲು ಹಾಕಿ ಬನ್ನಿ.

ಹೋದಾಗ ನೋಂದಾಯಿಸಿದ ವಿಳಾಸವನ್ನು ಹೊರಡುವಾಗ ರದ್ದು ಮಾಡಿಸಬೇಕು. ಅಲ್ಲಿ ಪ್ರತಿ ಮನೆಗೂ ರೇಡಿಯೋ-ಟಿವಿ ಶುಲ್ಕ ತಿಂಗಳಿಗೆ 18.36 ಯೂರೋ, ಟಿವಿ ಇರಲಿ ಬಿಡಲಿ. ನಮ್ಮ ಮನೆಯ ಶುಲ್ಕ ನನ್ನ ಹೆಸರಲ್ಲಿತ್ತು, ವಿಮಾನ ಹತ್ತುವ ಗಡಿಬಿಡಿಯಲ್ಲಿ ಎರಡನ್ನೂ ರದ್ದು ಮಾಡಿಸಲು ಮರೆತೆ. ಮೂರು ತಿಂಗಳ ಬಾಬ್ತು 55.08 ಯೂರೋ ಎಂಬ ಪತ್ರವನ್ನು ಅಲ್ಲಿನ ಗೆಳೆಯ ಅಂಚೆಯಲ್ಲಿ ಹೂಡೆಗೆ ಕಳಿಸಿದ. ನಾನು ಆಗ ಮಣಿಪಾಲದ ಹಾಸ್ಟೆಲಿನಲ್ಲಿದ್ದೆ. ಜರ್ಮನ್ ಅಕ್ಷರ, ದಪ್ಪ ಕಾಗದ, ಮೇಲೆ ಲಾಂಛನ ನೋಡಿ ಅಪ್ಪ ಅದನ್ನು ಸರ್ಟಿಫಿಕೇಟ್ ಎಂದುಕೊಂಡು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಗೋದ್ರೇಜ್ ಕಪಾಟಿನಲ್ಲಿ ತಮ್ಮ ಹಳೆಯ ಪಾಸ್‌ಪೋರ್ಟುಗಳ ಜೊತೆ ಇಟ್ಟಿದ್ದರು. ನೆರೆಮನೆಯ ಅಜ್ಜನಿಗೂ ತೋರಿಸಿ ಆಗಿತ್ತು.