ಬೆಲ್ಟು ಜಾರುವುದೇಕೆ?

ಮಲೆನಾಡಿನ ಮಳೆಗಾಲದಲ್ಲಿ ಕಾರಿನ ಹವಾನಿಯಂತ್ರಣದಿಂದ ಏನು ಪ್ರಯೋಜನವೆಂದು ಕೆಲವರು ಕೇಳಬಹುದು. ಚಳಿಗೆ ಕಂಬಳಿ ಹೊದೆಯುವ ಸೀಮೆಯಲ್ಲಿ ಅದು ಬರಿಯ ಆಡಂಬರವೆಂದು ನಾವೂ ಭಾವಿಸಿದ್ದೆವು. ಒಂದು ಜುಲೈ ತಿಂಗಳಲ್ಲಿ ನರಸಿಂಹರಾಜಪುರದಿಂದ ಕೊಪ್ಪದ ಮಾರ್ಗವಾಗಿ ಶೃಂಗೇರಿಗೆ ಹಳೆಯ ಕಾರೊಂದರಲ್ಲಿ ಹೊರಟಾಗ ಈ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು.

ನರಸಿಂಹರಾಜಪುರದಲ್ಲಿ ಮಳೆ ಹನಿಯುತ್ತಿತ್ತಷ್ಟೆ. ಪಶ್ಚಿಮಕ್ಕೆ ಸಾಗಿ ಘಟ್ಟದ ಅಂಚನ್ನು ಸಮೀಪಿಸಿದಂತೆ ಮಳೆ ಬಲಿಯುವುದು ಈ ಪ್ರದೇಶದ ಗುಣ. ಕೊಪ್ಪ ಇನ್ನೂ ಸ್ವಲ್ಪ ದೂರವಿರುವಾಗ, ಹೊಂಡವೊಂದರ ನೀರು ಎಂಜಿನ್ನಿನ ಮೇಲೆ ಎರಚಿತು. ಮರುಕ್ಷಣವೇ ಮುಂಭಾಗದಿಂದ ಕರ್ಕಶವಾದ ಕೀರಲು ದನಿ ಹೊರಟಿತು. ಹವಾನಿಯಂತ್ರಣವನ್ನು ನಿಲ್ಲಿಸಿದೆವು, ದನಿಯೂ ನಿಂತಿತು. ಆದರೆ ಸ್ವಲ್ಪ ಹೊತ್ತಿನಲ್ಲಿಯೇ ಮುಂಗಾಜಿನ ಒಳಮೈಗೆ ಮಂಜು ಕವಿದು, ಎದುರಿನಿಂದ ಬರುತ್ತಿದ್ದ ಬಸ್ಸು ಬರಿಯ ಎರಡು ದೀಪಗಳಾಗಿ ಕಂಡಿತು.

ಕಾರಣ ಸ್ಪಷ್ಟವಾಗಿದೆ. ನಮ್ಮ ಉಸಿರಿನಿಂದಲೂ ಒದ್ದೆ ಬಟ್ಟೆಗಳಿಂದಲೂ ಕಾರಿನೊಳಗಿನ ಹವೆಯಲ್ಲಿ ನೀರಾವಿ ತುಂಬಿರುತ್ತದೆ. ಮಳೆ ಬಡಿದು ತಣ್ಣಗಾದ ಗಾಜಿಗೆ ತಾಗಿದೊಡನೆ ಅದು ಹನಿಗಟ್ಟುತ್ತದೆ. ಹವಾನಿಯಂತ್ರಣ ಯಂತ್ರವು ಈ ಆವಿಯನ್ನು ತನ್ನ ತಣ್ಣನೆಯ ಕೊಳವೆಗಳ ಮೇಲೆಯೇ ನೀರಾಗಿಸಿ ಹೊರಕ್ಕೆ ಸುರಿಸಿ, ಒಣಹವೆಯನ್ನು ಗಾಜಿನ ಮೇಲೆ ಬೀಸುತ್ತದೆ. ಮಲೆನಾಡಿನಲ್ಲಿ ಅದರ ಮುಖ್ಯ ಕೆಲಸ ತಂಪು ಮಾಡುವುದಲ್ಲ, ದಾರಿ ಕಾಣಿಸುವುದು.

ಈ ಯಂತ್ರದ ಹೃದಯವೇ ಕಂಪ್ರೆಸರ್. ಸಾಮಾನ್ಯ ಕಾರುಗಳಲ್ಲಿ ಎಂಜಿನ್ನಿನ ರಾಟೆಯು ರಬ್ಬರಿನ ಬೆಲ್ಟಿನ ಮೂಲಕ ಅದನ್ನು ತಿರುಗಿಸುತ್ತದೆ. ವಿದ್ಯುತ್ಕಾಂತದ ಕ್ಲಚ್ಚು ಬೇಕಾದಾಗ ಜೋಡಿಸುತ್ತದೆ, ಬೇಡವಾದಾಗ ಬಿಡಿಸುತ್ತದೆ. 1939ರಲ್ಲಿ ಅಮೆರಿಕದ ಪ್ಯಾಕರ್ಡ್ ಕಂಪೆನಿ ಹವಾನಿಯಂತ್ರಿತ ಕಾರನ್ನು ಹೊರತಂದಾಗ ಇಂತಹ ಕ್ಲಚ್ಚು ಇರಲಿಲ್ಲ. ತಂಪು ಸಾಕೆನಿಸಿದರೆ ಎಂಜಿನ್ನನ್ನು ನಿಲ್ಲಿಸಿ ಬೆಲ್ಟನ್ನೇ ಕಳಚಬೇಕಾಗಿತ್ತು!

ಹಲ್ಲಿಲ್ಲದ ಬೆಲ್ಟು ನುಣುಪಾದ ರಾಟೆಯನ್ನು ಹೇಗೆ ಹಿಡಿಯುತ್ತದೆ? ಉತ್ತರ ನಮ್ಮ ಕೊಟ್ಟಿಗೆಯಲ್ಲಿದೆ. ಮೊಂಡು ಹೋರಿಯ ಹಗ್ಗವನ್ನು ಕೈಯಲ್ಲಿಯೇ ಹಿಡಿದರೆ ಅದು ನಮ್ಮನ್ನು ಎಳೆದೊಯ್ಯುತ್ತದೆ. ಕಂಬಕ್ಕೆ ಎರಡು ಸುತ್ತು ಸುತ್ತಿ ತುದಿಯನ್ನು ಹಿಡಿದರೆ ಹುಡುಗನೊಬ್ಬನೂ ಅದನ್ನು ತಡೆದು ನಿಲ್ಲಿಸಬಲ್ಲನು. ಹದಿನೆಂಟನೆಯ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ವಿವರಿಸಿದ ನಿಯಮವಿದು. ಹಗ್ಗಕ್ಕೂ ಕಂಬಕ್ಕೂ ಇರುವ ಘರ್ಷಣಾಂಕ 0.3 ಎಂದಿಟ್ಟುಕೊಂಡರೆ, ಅರ್ಧ ಸುತ್ತು ಹಗ್ಗವು ಕೈಯ ಎಳೆತವನ್ನು ಸುಮಾರು 2.57 ಪಟ್ಟು ಮಾಡುತ್ತದೆ. ಪ್ರತಿ ಅರ್ಧ ಸುತ್ತಿಗೂ ಮತ್ತೆ ಅಷ್ಟೇ ಗುಣಕ. ಎರಡು ಪೂರ್ಣ ಸುತ್ತಿಗೆ ಹೋರಿಯ ಬಲದ 43ರಲ್ಲಿ ಒಂದು ಭಾಗ ಸಾಕು.

ಬೆಲ್ಟು ರಾಟೆಯನ್ನು ಬಳಸುವುದು ಸುಮಾರು ಅರ್ಧ ಸುತ್ತು ಮಾತ್ರ. ಅದಕ್ಕಾಗಿಯೇ ಅದನ್ನು ಬೆಣೆಯಂತೆ ಓರೆಪಕ್ಕಗಳಿರುವಂತೆ ಮಾಡಿ ರಾಟೆಯ ಗಾಡಿಯಲ್ಲಿ ಕೂರಿಸುತ್ತಾರೆ. ಗಾಡಿಯ ಕೋನ 40 ಡಿಗ್ರಿಯಾಗಿದ್ದರೆ ಹಿಡಿತವು ಘರ್ಷಣೆ ಮೂರುಪಟ್ಟಾದಂತೆಯೇ ಆಗಿ, ಗುಣಕವು ಸುಮಾರು 16ಕ್ಕೆ ಏರುತ್ತದೆ. ಬೆಲ್ಟು ನೆನೆದು ಘರ್ಷಣೆ ಅರ್ಧಕ್ಕೆ ಇಳಿಯಿತೆನ್ನೋಣ. ಆಗ ಗುಣಕವು 8 ಆಗುವುದಿಲ್ಲ, 4ಕ್ಕೆ ಕುಸಿಯುತ್ತದೆ! ಹೊಂಡದ ನೀರು ಎರಚಿದೊಡನೆ ನಮ್ಮ ಬೆಲ್ಟು ಕೂಗಿದುದರ ಗುಟ್ಟು ಇದೇ. ಹಿಡಿದು, ಜಾರಿ, ಮತ್ತೆ ಹಿಡಿದು ಕಂಪಿಸುವಾಗ ಕೀರಲು ದನಿ ಹುಟ್ಟುತ್ತದೆ. ಕ್ಲಚ್ಚು ಬಿಟ್ಟರೆ ಕಂಪ್ರೆಸರಿನ ಹೊರೆ ಇಲ್ಲ. ಹೊರೆ ಇಲ್ಲದಲ್ಲಿ ಜಾರುವಿಕೆಯೂ ಇಲ್ಲ.

ಗುಣಿಸುವುದಕ್ಕೆ ಮೊದಲು ಒಂದು ಎಳೆತವಿರಬೇಕಷ್ಟೆ. ಬೆಲ್ಟಿನ ಸಡಿಲ ಪಕ್ಕದ ಎಳೆತವೇ ಹೋರಿಯ ಹಗ್ಗ ಹಿಡಿದ ಹುಡುಗನ ಕೈ. ರಬ್ಬರು ಹಳತಾಗಿ ಹಿಗ್ಗಿದರೆ ಆ ಕೈ ಸೋಲುತ್ತದೆ. ಸೊನ್ನೆಯನ್ನು 16ರಿಂದ ಗುಣಿಸಿದರೂ ಸೊನ್ನೆಯೇ.

ಕಿಟಕಿಗಳನ್ನು ಸ್ವಲ್ಪ ತೆರೆದು, ಎಂಜಿನ್ನಿನ ಬಿಸಿಹವೆಯನ್ನು ಗಾಜಿಗೆ ಬೀಸಿಸಿಕೊಂಡು ನಿಧಾನವಾಗಿ ಕೊಪ್ಪವನ್ನು ತಲುಪಿದೆವು. ಅಲ್ಲಿ ನೆರೆದವರೊಬ್ಬರು ಬೆಲ್ಟಿಗೆ ಕೊಬ್ಬರಿ ಎಣ್ಣೆ ಸವರಲು ಸಲಹೆಯಿತ್ತರು. ಮೆಕ್ಯಾನಿಕರು ನಕ್ಕು, “ಹಾಗೆ ಮಾಡಿದರೆ ಕೂಗು ನಿಂತೀತು ಸ್ವಾಮಿ, ಬೆಲ್ಟು ಉಳಿಯಲಿಕ್ಕಿಲ್ಲ” ಎಂದರು. ಮಾತು ನಿಜ. ಎಣ್ಣೆಯು ಘರ್ಷಣೆಯನ್ನು ಇನ್ನೂ ಕುಗ್ಗಿಸುತ್ತದೆ, ರಬ್ಬರನ್ನೂ ಕೆಡಿಸುತ್ತದೆ. ಅವರು ಎಂಜಿನ್ನನ್ನು ನಿಲ್ಲಿಸಿ, ಆರಲು ಬಿಟ್ಟು, ಬೆಲ್ಟನ್ನು ಒರಸಿ, ಬಿರುಕು ಬಿಟ್ಟಿಲ್ಲವೆಂದು ಪರೀಕ್ಷಿಸಿದರು. ಬಳಿಕ ಬೋಲ್ಟು ಸಡಿಲಿಸಿ, ಬಿಗಿಮಾಡುವ ರಾಟೆಯನ್ನು ತುಸು ಸರಿಸಿ ಮತ್ತೆ ತಿರುಚಿದರು. ಎರಡು ರಾಟೆಗಳ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಬೆಲ್ಟು ಸುಮಾರು 1 ಸೆಂಟಿಮೀಟರು ಬಾಗಿತು. ಇಂತಹ ಅನೇಕ ಹಳೆಯ ಕಾರುಗಳಿಗೆ ಇದು ಹದವಾದ ಬಿಗಿತ. ನಿಖರವಾದ ಅಳತೆ ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. ಅತಿಯಾಗಿ ಬಿಗಿದರೆ ಬೇರಿಂಗುಗಳು ಸವೆಯುತ್ತವೆ.

ಎಲ್ಲ ಕಾರುಗಳಿಗೂ ಈ ಉಪಾಯ ಸಲ್ಲದು. ಈಚಿನ ಅನೇಕ ಕಾರುಗಳಲ್ಲಿ ಹಾವಿನಂತೆ ಸುತ್ತುವ ಒಂದೇ ಬೆಲ್ಟು ಕಂಪ್ರೆಸರನ್ನೂ ವಿದ್ಯುಜ್ಜನಕವನ್ನೂ, ಕೆಲವು ಕಾರುಗಳಲ್ಲಿ ಎಂಜಿನ್ ತಂಪುಮಾಡುವ ನೀರಿನ ಪಂಪನ್ನೂ ನಡೆಸುತ್ತದೆ. ಅದನ್ನು ಸ್ಪ್ರಿಂಗಿನ ರಾಟೆಯೊಂದು ತಾನಾಗಿಯೇ ಬಿಗಿಹಿಡಿದಿರುತ್ತದೆ. ಬ್ಯಾಟರಿಯ ಕೆಂಪುದೀಪ ಹೊತ್ತಿದರೆ, ಎಂಜಿನ್ನಿನ ಶಾಖ ಏರಿದರೆ, ಇಲ್ಲವೆ ಹವಾನಿಯಂತ್ರಣ ನಿಲ್ಲಿಸಿದ ಮೇಲೂ ಕೂಗು ಉಳಿದರೆ ಮುಂದುವರಿಯದೆ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸತಕ್ಕದ್ದು. ಎಂಜಿನ್ ತಿರುಗುತ್ತಿರುವಾಗ ಬೆಲ್ಟಿನ ಬಳಿ ಕೈಯನ್ನಾಗಲಿ, ಶಾಲು ಸೆರಗುಗಳನ್ನಾಗಲಿ ಒಯ್ಯಲೇಬಾರದು.

ಹರಿಹರಪುರವನ್ನು ದಾಟುವಾಗ ಮಳೆ ಧೋ ಎಂದು ಸುರಿಯುತ್ತಿತ್ತು. ಬೆಲ್ಟು ಮೌನವಾಗಿತ್ತು, ಗಾಜು ತಿಳಿಯಾಗಿತ್ತು. ಶೃಂಗೇರಿಯವರೆಗೂ ದಾರಿ ಚೆನ್ನಾಗಿ ಕಂಡಿತು.

ಓದುಗರು ಮನೆಯಲ್ಲಿಯೇ ಈ ನಿಯಮವನ್ನು ಪರೀಕ್ಷಿಸಬಹುದು. ಅಡ್ಡವಾಗಿ ಭದ್ರಪಡಿಸಿದ ಕೋಲಿನ ಮೇಲೆ ದಾರವನ್ನು ಹಾಯಿಸಿ, ಒಂದು ತುದಿಗೆ ಸಣ್ಣ ತೂಕವನ್ನು ಕಟ್ಟಿರಿ. ಇನ್ನೊಂದು ತುದಿಯ ತೂಕವನ್ನು ದಾರ ಜಾರುವವರೆಗೆ ಹೆಚ್ಚಿಸುತ್ತ ಹೋಗಿರಿ. ಬಳಿಕ ದಾರವನ್ನು ಕೋಲಿಗೆ ಇನ್ನೊಂದು ಸುತ್ತು ಸುತ್ತಿ, ಅದೇ ಪ್ರಯೋಗವನ್ನು ಮಾಡಿರಿ.  ಎರಡು ಸಲವೂ ದೊರೆತ ಗುಣಕಗಳನ್ನು ಹೋಲಿಸಿದರೆ ಬೆಲ್ಟಿನ ಹಿಡಿತದ ಅರ್ಥ ತಾನಾಗಿಯೇ ತಿಳಿಯುವುದು.